ಯಡಿಯೂರಪ್ಪನವರೇ, ಆ 79ಬಿ ಬಗ್ಗೆ ಒಂದು ಮಾತು ಹೇಳಿ

ಮಾನ್ಯ ಯಡಿಯೂರಪ್ಪನವರಿಗೆ ನಮಸ್ಕಾರ.

ನೀವೀಗ ಅಧಿಕಾರದಲ್ಲಿಲ್ಲ, ಚುನಾವಣೆ ಸಾಕು ಅಂದಿದ್ದೀರಿ. ಆದರೂ, ರೈತರಲ್ಲದವರು ಹೊಲ ಕೊಳ್ಳದಂತೆ ತಡೆಯುತ್ತಿದ್ದ ಆ 79ಬಿ ಕಲಂ ಬಗ್ಗೆ ನಿಮಗೇ ಬರೆಯುತ್ತಿದ್ದೇನೆ. 2008ರ ಮೇ 30ರಂದು ದೇವರ ಜೊತೆಗೆ ರೈತರ ಹೆಸರನ್ನೂ ಸೇರಿಸಿ ಪ್ರಮಾಣವಚನ ತಗೊಂಡವರು ನೀವೇ ಅಲ್ವಾ?

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬೂಕನಕೆರೆಯಲ್ಲಿ ಹುಟ್ಟಿ, ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದು, ರೈತರ ಜೊತೆ ಬೀದಿಗಿಳಿದು, 1983ರಲ್ಲಿ ವಿಧಾನಸಭೆಗೆ ಬಂದವರು ನೀವು. ಹಣಕಾಸು ಮಂತ್ರಿಯಾಗಿದ್ದಾಗ ಸೊಸೈಟಿ ಸಾಲದ ಬಡ್ಡಿ ಇಳಿಸಿದಿರಿ. 2011ರಲ್ಲಿ ಕೃಷಿಗೇ ಬೇರೆ ಬಜೆಟ್ ಮಂಡಿಸಿದಿರಿ. ಕೇಂದ್ರದ ಕಿಸಾನ್ ಸಮ್ಮಾನ್‌ನ 6000 ರೂಪಾಯಿಗೆ ರಾಜ್ಯದಿಂದ 4000 ಸೇರಿಸಿದಿರಿ. ಇದ್ಯಾವುದೂ ಸುಳ್ಳಲ್ಲ. ಹಾವೇರಿಯ ಗೋಲಿಬಾರೂ ಸುಳ್ಳಲ್ಲ ಬಿಡಿ. ನೀವು ಗಾದಿಗೆ ಬಂದು ಎರಡು ವಾರವೂ ಆಗಿರಲಿಲ್ಲ, ಗೊಬ್ಬರ ಕೇಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು.

ನನ್ನ ತಕರಾರು 2020ರದ್ದು. ಕೊರೊನಾ ಕಾಲ, ಜನ ಮನೆಯಿಂದ ಹೊರಗೆ ಬರೋದಕ್ಕೇ ಹೆದರುತ್ತಿದ್ದಾಗ, ಸುಗ್ರೀವಾಜ್ಞೆ ತಂದು ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಎರಡನ್ನೂ ಕಿತ್ತು ಹಾಕಿದಿರಿ. ಬೇರೆ ಕಡೆಯಿಂದ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಆದಾಯ ಇರುವವರು ಹೊಲ ಕೊಳ್ಳುವಂತಿಲ್ಲ, ರೈತರಲ್ಲದವರು ಕೊಳ್ಳುವಂತಿಲ್ಲ ಅನ್ನುತ್ತಿದ್ದ ಕಲಂಗಳವು. ರೈತ ಸಂಘದವರು ಸೆಪ್ಟೆಂಬರ್ 28ಕ್ಕೆ ಕರ್ನಾಟಕ ಬಂದ್ ಮಾಡಿದರು, ನೀವು ಬಗ್ಗಲಿಲ್ಲ. ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಜೆಡಿಎಸ್ ಕೈಜೋಡಿಸಿತು, ತಿದ್ದುಪಡಿ ಪಾಸಾಗಿ ಕೆಲಸ ಮುಗಿಯಿತು.

ನಿಮ್ಮ ಸರ್ಕಾರದ ವಾದ ನನಗೂ ಗೊತ್ತು. ಆ ಕಲಂಗಳ ಹೆಸರಿನಲ್ಲಿ ಕಂದಾಯ ಇಲಾಖೆಯಲ್ಲಿ ಲಂಚ ನಡೆಯುತ್ತಿತ್ತು, ರೈತನಿಗೆ ಒಳ್ಳೆಯ ರೇಟು ಸಿಗುತ್ತದೆ, ಓದಿದ ಹುಡುಗರು ಬೇಸಾಯಕ್ಕೆ ಬರುತ್ತಾರೆ. ಲಂಚದ ಮಾತು ಒಪ್ಪುತ್ತೇನೆ. ಆದರೆ ಲಂಚ ತಿನ್ನುವವರನ್ನು ಹಿಡಿಯೋದು ಬಿಟ್ಟು ಕಾನೂನನ್ನೇ ತೆಗೆಯೋದಾ? ರೇಟು ಏರಿತು ಅಂದರೆ ಮಾರುವವನಿಗೆ ಒಂದೇ ಸಲ ಲಾಭ. ಪಕ್ಕದಲ್ಲಿ ಎರಡು ಎಕರೆ ಕೊಂಡು ಉಳೋಣ ಅಂತಿರುವ ಸಣ್ಣ ರೈತ, ಬೆಂಗಳೂರಿನ ದುಡ್ಡಿನ ಎದುರು ಎಲ್ಲಿ ನಿಲ್ಲಬೇಕು? ನಮ್ಮ ಕಡೆ ಹೊಲಕ್ಕೆ ಬೇಲಿ ಬೀಳುತ್ತದೆ, ಗೇಟು ಬೀಳುತ್ತದೆ, ಬೆಳೆ ಮಾತ್ರ ಕಾಣೋದಿಲ್ಲ. ಇಂಥದ್ದನ್ನು ತಡೆಯೋದಕ್ಕೇ ಅಲ್ವಾ 1974ರಲ್ಲಿ ದೇವರಾಜ ಅರಸು ಸರ್ಕಾರ ಕಾಯ್ದೆ ಬಿಗಿ ಮಾಡಿದ್ದು?

2021ರ ಜುಲೈನಲ್ಲಿ ರಾಜೀನಾಮೆ ಕೊಡುವಾಗ ಅತ್ತಿರಿ. ನಿಮ್ಮನ್ನು ಇಷ್ಟಪಡದವರಿಗೂ ಅವತ್ತು ಪಾಪ ಅನ್ನಿಸಿತು. ಈಗ ನಿಮ್ಮನ್ನು ಇಳಿಸೋದಕ್ಕೆ ಕುರ್ಚಿಯೂ ಇಲ್ಲ, ಹಾಗಾಗಿ ಕೇಳುತ್ತಿದ್ದೇನೆ. ಆ ತಿದ್ದುಪಡಿ ನಿಜವಾಗಲೂ ನಿಮಗೇ ಬೇಕಿತ್ತಾ, ಇಲ್ಲ ಯಾರೋ ಮಾಡಿಸಿದರಾ? ಅದರಿಂದ ಯಾವ ತಾಲ್ಲೂಕಿನಲ್ಲಿ ಯಾವ ರೈತ ಉದ್ಧಾರ ಆದ ಅಂತ ಶಿಕಾರಿಪುರದ ಒಂದು ಸಭೆಯಲ್ಲಿ ಹೇಳಿ. ಆಗಿಲ್ಲ ಅನ್ನಿಸಿದರೆ, ಅಲ್ಲಿನ ಶಾಸಕರು ನಿಮ್ಮ ಮಗನೇ. 79ಬಿ ವಾಪಸ್ ತರಲಿ ಅಂತ ಸದನದಲ್ಲಿ ಕೇಳೋದಕ್ಕೆ ಅವರಿಗೆ ಹೇಳಿ.

ಇಂತಿ,
ಒಬ್ಬ ಸಣ್ಣ ಹಿಡುವಳಿದಾರ