ಒದ್ದೆ ಹಾಳೆಗಳಿಗೆ ಇಸ್ತ್ರಿ ಹಾಕಿದವರಿಗೆ

ಬಳ್ಳಾರಿಯ ನಮ್ಮ ಬಡಾವಣೆಯ ಹಿಂದೆ ಬಹುಕಾಲ ಖಾಲಿ ಬಿದ್ದಿದ್ದ ನಗರದ ಜಾಗದಲ್ಲಿ ಬಡ ಕುಟುಂಬಗಳಿಗೆ ಕಟ್ಟಲಿರುವ ಮನೆಗಳ ಪರಿಷ್ಕೃತ ನಕಾಶೆಗೆ ಕಳೆದ ವಾರ ಒಪ್ಪಿಗೆ ದೊರೆತಿದೆ. ಮೊದಲಿನ ನಕಾಶೆಯಲ್ಲಿ ಏನಿತ್ತು, ಯಾವ ಸಭೆಯಲ್ಲಿ ಯಾರು ಎದ್ದು ಹೋದರು, ಕಡತ ಯಾವ ಮೇಜಿನ ಮೇಲೆ ಎಷ್ಟು ತಿಂಗಳು ಕುಳಿತಿತ್ತು ಎಂಬುದೆಲ್ಲ ಇದನ್ನು ಓದುವ ಬಹುತೇಕರಿಗೆ ತಿಳಿದ ಸಂಗತಿಯಾದ್ದರಿಂದ ಅದನ್ನು ಮತ್ತೆ ಬಿಚ್ಚುವುದಿಲ್ಲ. ಕೃತಜ್ಞತೆ ಹೇಳುವುದಷ್ಟೇ ಇಲ್ಲಿನ ಕೆಲಸ. ಹೇಳಬೇಕಾದವರು ಬಹಳ ಮಂದಿ ಇದ್ದಾರೆ. ಆದರೆ ಒಬ್ಬರ ಪಾಲು ಉಳಿದವರೆಲ್ಲರ ಪಾಲನ್ನು ಸೇರಿಸಿದರೂ ಅದಕ್ಕಿಂತ ಹೆಚ್ಚು. ಹೀಗಾಗಿ ಈ ಬರಹದ ತಕ್ಕಡಿ ಒಂದು ಕಡೆಗೆ ವಾಲಲಿದೆ, ಉಳಿದವರು ಮನ್ನಿಸಬೇಕು.

ಕಾಲೇಜು ಮುಗಿಸಿ ಬಂದು ಸಂಜೆ ಮನೆ ಮನೆಗೆ ತಿರುಗಿ, ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡ ಐವರು ಹುಡುಗಿಯರಿಗೆ, ಶುಲ್ಕದ ಮಾತೆತ್ತದೆ ಅರ್ಜಿಗಳನ್ನು ತಿದ್ದಿಕೊಟ್ಟ ವಕೀಲರಿಗೆ, ನಮ್ಮ ಮಾತುಗಳನ್ನು ಗೆರೆಗಳಾಗಿ ಮಾಡಿ ನಕಾಶೆಯನ್ನು ಮೂರು ಸಲ ಬರೆದ ಯುವ ಎಂಜಿನಿಯರಿಗೆ, ಲೆಕ್ಕ ಬರೆಯದೆ ಚಹಾ ಕಳಿಸಿದ ಅಂಗಡಿಯವರಿಗೆ ನನ್ನ ನಮಸ್ಕಾರಗಳು. ಗೌಂಡಿ ಕೆಲಸದ ಹಿರಿಯರೊಬ್ಬರಿಗೆ ಮಾತ್ರ ಒಂದು ವಾಕ್ಯ ಹೆಚ್ಚು ಸಲ್ಲಬೇಕು. ಆ ಜಾಗದ ಮೂಡಣ ಮೂಲೆ ಎರೆ ಮಣ್ಣಿನದು, ಮಳೆಗೆ ಉಬ್ಬಿ ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ, ಅಲ್ಲಿ ಗರಸು, ಎಂದರೆ ಗಟ್ಟಿ ಮಣ್ಣು, ಸಿಗುವವರೆಗೆ ಅಗೆಯದೆ ಪಾಯ ಹಾಕಿದರೆ ಎರಡೇ ವರ್ಷಕ್ಕೆ ಗೋಡೆ ಸೀಳುತ್ತದೆ ಎಂದು ಅವರು ಹೇಳಿದಾಗ ಸಭೆಯಲ್ಲಿದ್ದ ಕೆಲವರು ನಕ್ಕಿದ್ದರು. ಮಣ್ಣಿನ ಪರೀಕ್ಷೆಯ ವರದಿ ಬಂದ ಮೇಲೆ ಯಾರೂ ನಗಲಿಲ್ಲ.

ಯೋಜನೆಯ ಲೆಕ್ಕ ಕಾಗದದ ಮೇಲೆ ಸರಳವಾಗಿತ್ತು. 2015ರಲ್ಲಿ ಆರಂಭವಾಗಿ 2024ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಹಂತಕ್ಕೆ ಬಂದಿರುವ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗದಲ್ಲಿ, ವರ್ಷದ ವರಮಾನ 3 ಲಕ್ಷ ರೂಪಾಯಿ ಮೀರದ ಕುಟುಂಬವನ್ನು ಆರ್ಥಿಕವಾಗಿ ದುರ್ಬಲ ವರ್ಗವೆಂದು ಎಣಿಸುತ್ತಾರೆ. ಮನೆಯೊಂದಕ್ಕೆ ಕೇಂದ್ರದ ನೆರವು 1.5 ಲಕ್ಷ, ಮಿಕ್ಕದ್ದು ರಾಜ್ಯದ ಪಾಲು, ಫಲಾನುಭವಿಯ ವಂತಿಕೆ ಮತ್ತು ಬ್ಯಾಂಕಿನ ಸಾಲ. ಮೊದಲ ನಕಾಶೆಯಲ್ಲಿ ಮನೆಯ ಒಳಗಿನ ಅಳತೆ 30 ಚದರ ಮೀಟರ್, ಎಂದರೆ ಸುಮಾರು 323 ಚದರ ಅಡಿ ಇತ್ತು. ನೆಲಮಹಡಿಯ ಮೇಲೆ ಮೂರು ಅಂತಸ್ತು, ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ತೆಗೆದಂತೆ. ಆ 323 ಚದರ ಅಡಿಯೊಳಗೆ ಬಳ್ಳಾರಿಯ ಒಂದು ಕುಟುಂಬ ದಿನವಿಡೀ ಏನು ಮಾಡುತ್ತದೆ ಎಂಬ ಪ್ರಶ್ನೆ ಮಾತ್ರ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಆ ಪ್ರಶ್ನೆಯನ್ನು ಎತ್ತಿದವರ ಬಗ್ಗೆ ಈಗ ಬರೆಯುತ್ತೇನೆ. ಹೆಸರು ಹಾಕಬಾರದೆಂದು ಅವರೇ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಓಣಿಯವರೆಲ್ಲ ಅವರನ್ನು ಅಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದರೂ ನಾನೂ ಹಾಗೆಯೇ ಕರೆಯುತ್ತೇನೆ. ತಗಡಿನ ಮನೆಯಲ್ಲಿ ಜೀನ್ಸ್ ಹೊಲಿಯುವವರು. ಕತ್ತರಿಸಿದ ತುಂಡುಗಳ ಗಂಟು ಬೆಳಿಗ್ಗೆ ಬರುತ್ತದೆ, ಹೊಲಿದ ಪ್ಯಾಂಟುಗಳ ಗಂಟು ರಾತ್ರಿ ಹೋಗುತ್ತದೆ, ಕೂಲಿ ಪ್ಯಾಂಟಿನ ಲೆಕ್ಕ. ಅತ್ತೆಯವರು ಬಾಗಿಲ ಬಳಿ ಕುಳಿತು ದಾರದ ತುದಿಗಳನ್ನು ಕತ್ತರಿಸುತ್ತಾರೆ.

ಜನರ ಅಭಿಪ್ರಾಯ ಕೇಳುವ ಮೊದಲ ಸಭೆಯನ್ನು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದಿದ್ದರು. ಬಂದವರು ನನ್ನಂಥ ನಿವೃತ್ತರು, ಅಂಗಡಿಯಲ್ಲಿ ಆಳುಗಳನ್ನು ಕೂರಿಸಿ ಬರಬಲ್ಲವರು, ಮತ್ತು ಮಾತಾಡಲೆಂದೇ ಎಲ್ಲ ಸಭೆಗಳಿಗೂ ಹೋಗುವ ನಾಲ್ಕೈದು ಮಂದಿ. ಆ ಮನೆಗಳಲ್ಲಿ ಬದುಕಬೇಕಾದವರಲ್ಲಿ ಬಂದವರು ಅಕ್ಕ ಒಬ್ಬರೇ. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಅಲ್ಲಿ ಅವರಿಗೆ ಮಾತಾಡುವ ಸರದಿ ಬರಲಿಲ್ಲ. ಹೊರಗೆ ಬಂದವರೇ ಕುತ್ತಿಗೆಯಲ್ಲಿದ್ದ ಟೇಪು ತೆಗೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ರಸ್ತೆಯ ಮೇಲೆ ನಕಾಶೆಯಲ್ಲಿದ್ದ ಮನೆಯನ್ನು ಪೂರ್ಣ ಅಳತೆಯಲ್ಲಿ ಬರೆದರು. ಇಲ್ಲಿ ಹೊಲಿಗೆ ಮಷಿನ್, ಇಲ್ಲಿ ಓವರ್‌ಲಾಕ್ ಮಷಿನ್, ಇಲ್ಲಿ ಬಂದ ಗಂಟು, ಇಲ್ಲಿ ಹೋಗುವ ಗಂಟು ಎಂದು ಚೌಕಗಳನ್ನು ಹಾಕುತ್ತಾ ಹೋಗಿ, ಉಳಿದ ಜಾಗದಲ್ಲಿ ತಮ್ಮ ಇಬ್ಬರು ಮಕ್ಕಳನ್ನೂ ಅತ್ತೆಯನ್ನೂ ಮಲಗಿಸಿ ತೋರಿಸಿದರು. ಅತ್ತೆಯವರ ಕಾಲು ಗೆರೆಯ ಹೊರಗಿತ್ತು. ಸಭೆ ಮುಗಿಸಿ ಹೊರಟಿದ್ದ ಎಂಜಿನಿಯರ್ ಬೈಕು ನಿಲ್ಲಿಸಿ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತದ್ದನ್ನು ನಾನು ಕಂಡಿದ್ದೇನೆ.

ಅಭಿಪ್ರಾಯ ಬೇಕಿದ್ದರೆ ರಾತ್ರಿ ಮಷಿನ್ ನಿಂತ ಮೇಲೆ ಬನ್ನಿ ಎಂದವರೂ ಅಕ್ಕನೇ. ನಾವು ಹಾಗೆಯೇ ಮಾಡಿದೆವು. ಜನ ಹೇಳಿದ್ದನ್ನು ಬರೆದುಕೊಂಡ ಹಾಳೆಗಳಿಗೆ ಜೀವ ಬಂದದ್ದು ಆ ರಾತ್ರಿಗಳಲ್ಲಿ. ನಮ್ಮ ಊರಿನಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. ತುಂಗಭದ್ರೆಯ ಕಾಲುವೆಯಿಂದ ಕೆರೆ ತುಂಬಿಸಿಕೊಂಡು ಸರದಿಯ ಮೇಲೆ ಬಿಡುತ್ತಾರೆ. ನೀರು ಬಂದ ದಿನ ತುಂಬಿದ ಡ್ರಮ್ಮನ್ನು ಮೂರನೆಯ ಅಂತಸ್ತಿಗೆ ಹೊರುವವರು ಯಾರು ಎಂದು ಒಬ್ಬ ಅಜ್ಜಿ ಕೇಳಿದರು. ಏಪ್ರಿಲ್, ಮೇ ತಿಂಗಳಲ್ಲಿ ಕಾದ ಮನೆಯೊಳಗೆ ಮಲಗಲಾಗದು, ನಾವು ಮಾಳಿಗೆಯ ಮೇಲೆ ಮಲಗುವ ಜನ, ನಾಲ್ಕು ಅಂತಸ್ತಿಗೆಲ್ಲ ಒಂದೇ ಮಾಳಿಗೆಯಾದರೆ ಅದರ ಕೀಲಿ ಯಾರ ಬಳಿ ಇರುತ್ತದೆ ಎಂದು ಮತ್ತೊಬ್ಬರು ಬರೆಸಿದರು. ಮನೆಯ ಮೀಟರಿನಲ್ಲಿ ಕೆಲಸದ ಮಷಿನ್ ಓಡಿಸಿದರೆ ದಂಡ ಬೀಳುವುದಿಲ್ಲವೇ ಎಂಬ ಪ್ರಶ್ನೆ ಹೆಚ್ಚುಕಡಿಮೆ ಪ್ರತಿ ಹಾಳೆಯಲ್ಲಿಯೂ ಇತ್ತು. ಆ ಜಾಗದ ನಡುವೆ ಬೇವಿನ ಮರದ ಬಳಿ ಮೊಹರಂ ಹಬ್ಬದಲ್ಲಿ ಬೆಂಕಿ ಹಾಕುವ ಗುಂಡಿ, ಅಲಾಯಿ ಕುಣಿ ಇದೆ, ಪೀರಲ ದೇವರು ಕೂರುವಾಗ ಎಲ್ಲ ಜಾತಿಯವರೂ ಅಲ್ಲಿ ಸೇರುತ್ತೇವೆ, ನಕಾಶೆಯಲ್ಲಿ ಅದರ ಮೇಲೆಯೇ ಶೌಚದ ಗುಂಡಿ ಬಂದಿದೆ ಎಂದು ಓಣಿಯ ಹುಡುಗನೊಬ್ಬ ಬೆರಳಿಟ್ಟು ತೋರಿಸಿದಾಗ, ಅಲ್ಲಿಯವರೆಗೆ ನಕಾಶೆಯನ್ನು ನೂರು ಸಲ ನೋಡಿದ್ದ ನಮಗೆ ನಾಚಿಕೆಯಾಯಿತು.

ಈಗ ಒಪ್ಪಿಗೆಯಾದ ನಕಾಶೆಯಲ್ಲಿ ಒಂದು ಅಂತಸ್ತು ಕಡಿಮೆಯಾಗಿದೆ, ನೆಲಮಹಡಿಯಲ್ಲಿ ಬೇರೆ ಮೀಟರಿನ ಹೊಲಿಗೆ ಕೊಠಡಿಗಳು ಬಂದಿವೆ, ಪ್ರತಿ ಮೆಟ್ಟಿಲ ಸಾಲಿಗೂ ಮಾಳಿಗೆಯ ಮೇಲೆ ಅದರದೇ ಪಾಲು ಇದೆ, ಬೇವಿನ ಮರವೂ ಕುಣಿಯೂ ಇದ್ದಲ್ಲಿಯೇ ಇವೆ. ಅಂತಸ್ತು ಇಳಿದುದರಿಂದ ಮನೆಗಳ ಸಂಖ್ಯೆಯೂ ಇಳಿದಿದೆ. ಆ ನಷ್ಟವನ್ನು ಮುಚ್ಚಿಟ್ಟು ಸಂಭ್ರಮಿಸುವುದು ಸರಿಯಲ್ಲ. ಈ ಬದಲಾವಣೆಯಿಂದ ಮನೆ ತಪ್ಪಿದವರು ನಮ್ಮ ಮೇಲೆ ಸಿಟ್ಟಾಗಿದ್ದರೆ ಅದು ನ್ಯಾಯವೇ.

ಇನ್ನು ಆ ರಾತ್ರಿಯ ಮಾತು. ಹಾಳೆಗಳನ್ನು ಸಲ್ಲಿಸಬೇಕಾದ ಕೊನೆಯ ದಿನದ ಹಿಂದಿನ ರಾತ್ರಿ ಹಸ್ತ ಮಳೆ ಹಿಡಿಯಿತು. ಮುನ್ನೂರಕ್ಕೂ ಹೆಚ್ಚು ಹಾಳೆಗಳನ್ನು ಅಕ್ಕನ ಮನೆಯ ಎದುರಿನ ಸಣ್ಣ ಗೋದಾಮಿನಲ್ಲಿ ಇಟ್ಟಿದ್ದೆವು. ಒಂಬತ್ತರ ಹೊತ್ತಿಗೆ ಹೋಗಿ ನೋಡಿದರೆ ಛಾವಣಿ ಸೋರಿ ಪೆಟ್ಟಿಗೆಯ ತಳದಲ್ಲಿ ನೀರು ನಿಂತಿತ್ತು. ಹಾಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು, ಕೆಲವದರಲ್ಲಿ ಶಾಯಿ ಹರಡಿತ್ತು. ನಾಲ್ಕು ತಿಂಗಳ ಕೆಲಸ. ನಾನು ಅಲ್ಲಿಯೇ ಕುಸಿದು ಕುಳಿತೆ, ಹುಡುಗಿಯರು ಅಳತೊಡಗಿದರು. ಅವರನ್ನು ಮನೆಗೆ ಕಳಿಸಿ ಅಕ್ಕ ಪೆಟ್ಟಿಗೆಯನ್ನು ಎತ್ತಿಕೊಂಡರು. "ದಿನಾ ಪ್ಯಾಂಟಿಗೆ ಇಸ್ತ್ರಿ ಹಾಕತೀನಿ, ಹಾಳಿಗೆ ಹಾಕಾಕ ಬರಂಗಿಲ್ಲೇನು? ಬರ್ರಿ ಸರ್ ಒಳಗ" ಎಂದರು.

ಜೀನ್ಸ್ ತುಂಡಿನ ಮೇಲೆ ಒಂದೊಂದೇ ಹಾಳೆಯನ್ನು ಹರವಿ, ಮೇಲೆ ಪಂಚೆಯ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಒತ್ತದೆ ತೇಲಿಸಿದಂತೆ ಎಳೆಯುತ್ತಿದ್ದರು. ಹೊಗೆಯಾಡಿದಂತೆ ಆವಿ ಏಳುತ್ತಿತ್ತು. ಶಾಯಿ ಹರಡಿ ಓದಲು ಬಾರದ ಹಾಳೆ ಬಂದರೆ, ಇದು ಮೂಲೆಮನೆಯವರದು, ಅವರು ಹೇಳಿದ್ದು ಬಚ್ಚಲಿನ ಬಾಗಿಲ ಬಗ್ಗೆ ಎಂದು ನೆನಪಿನಿಂದ ಹೇಳುತ್ತಿದ್ದರು. ನಾನು ಹೊಸ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ, ಬೆಳಿಗ್ಗೆ ಅವರವರಿಂದ ಮತ್ತೆ ಸಹಿ ಹಾಕಿಸಬೇಕೆಂದು. ತಗಡಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳದಾದಾಗ ಇಬ್ಬರೂ ಸುಮ್ಮನಾಗುತ್ತಿದ್ದೆವು. ಎರಡು ಸಲ ಕರೆಂಟು ಹೋಯಿತು. ಅವರ ಮನೆಯೂ ಎರಡು ಕಡೆ ಸೋರುತ್ತಿತ್ತು. ಹಾಳೆಗಳ ಕಟ್ಟನ್ನು ಮಂಚದ ಒಣಗಿದ ತುದಿಯಲ್ಲಿಟ್ಟು ಮಕ್ಕಳನ್ನು ಬಾಗಿಲ ಕಡೆಗೆ ಸರಿಸಿದ್ದರು.

ಮೂರು ಗಂಟೆಯ ಸುಮಾರಿಗೆ ನನಗೆ ತಡೆಯಲಾಗಲಿಲ್ಲ. ಇದನ್ನು ಓದುವ ಹಲವರಿಗೆ ಗೊತ್ತಿಲ್ಲದ ಒಂದು ಮಾತಿದೆ, ಈ ಬರಹದಲ್ಲಿ ಅದನ್ನು ಹೇಳಲೇಬೇಕು. ಆ ಜಾಗದಲ್ಲಿ ಮನೆಗಳು ಬೇಡ, ಉದ್ಯಾನ ಬೇಕು ಎಂದು ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯವರು ಕೊಟ್ಟ ಮನವಿಯ ಮೊದಲ ಸಹಿ ನನ್ನದು. ಸಂಜೆ ನಡೆದಾಡಲು ಜಾಗ ಬೇಕೆಂಬ ಆಸೆ ನನ್ನದು, ಅದರಲ್ಲಿ ತಪ್ಪೇನಿಲ್ಲ. ಆದರೆ "ಅಂಥ ಕುಟುಂಬಗಳು ಬಂದು ನೆಲೆಸಿದರೆ ಬಡಾವಣೆಯ ಶಾಂತಿಗೆ ಭಂಗವಾಗುವ ಸಂಭವವಿದೆ" ಎಂಬ ವಾಕ್ಯವೂ ಆ ಮನವಿಯಲ್ಲಿತ್ತು, ಅದನ್ನು ರಚಿಸಿದವನೂ ನಾನೇ. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ಕೈ ಅದು. ಆ ಮನವಿಗೆ ಉತ್ತರ ಬರೆದುಕೊಡಿ ಎಂದು ಅಕ್ಕ ನನ್ನ ಮನೆಗೇ ಬಂದಿದ್ದರು. ಮೇಷ್ಟ್ರಿದ್ದೀರಿ, ಅಕ್ಷರ ಚೆಂದ ಎಂದಿದ್ದರು. ಬರೆದವನು ಯಾರೆಂದು ತಿಳಿಯದೆ ಬಂದಿದ್ದಾರೆ ಎಂದುಕೊಂಡು ನಾನು ಬಾಯಿ ಬಿಡದೆ ಉತ್ತರ ಬರೆದುಕೊಟ್ಟಿದ್ದೆ. ಅಂದಿನಿಂದ ಈ ಕೆಲಸಕ್ಕೆ ಬಿದ್ದೆ. ಜನ ನನ್ನನ್ನು ಹೊಗಳಿದಾಗಲೆಲ್ಲ ಆ ವಾಕ್ಯ ಎದೆಯಲ್ಲಿ ಚುಚ್ಚುತ್ತಿತ್ತು.

ಅದನ್ನೆಲ್ಲ ಹೇಳಿಬಿಟ್ಟೆ. ಅಕ್ಕ ಇಸ್ತ್ರಿ ನಿಲ್ಲಿಸಲಿಲ್ಲ. "ಗೊತ್ತಿತ್ತು ಸರ್. ಎಲ್ಲಾರೂ ಇಂಗ್ಲಿಷಿನಾಗ ಗೀಚಿದ್ರು, ನಿಮ್ಮ ಸಹಿ ಒಂದ ಕನ್ನಡದಾಗ ಇತ್ತು, ಓದಾಕ ಬಂತು. ಅದಕ್ಕ ನಿಮ್ಮ ಮನಿಗೇ ಬಂದಿದ್ದೆ" ಎಂದು ಮುಂದಿನ ಹಾಳೆ ಕೇಳಿದರು.

ನಾನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಮಳೆಯಲ್ಲಿ ನಿಂತಿದ್ದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಬೆಳಗಿನ ಐದರ ಹೊತ್ತಿಗೆ ಕೊನೆಯ ಹಾಳೆ ಒಣಗಿತು. ಆರು ಗಂಟೆಗೆ ಅವರು ಮಷಿನ್ ಮುಂದೆ ಕುಳಿತರು, ಏಕೆಂದರೆ ಹಿಂದಿನ ದಿನದ ಗಂಟು ಹಾಗೆಯೇ ಉಳಿದಿತ್ತು.

ಅಕ್ಕನ ಹೆಸರು ಅರ್ಹರ ಪಟ್ಟಿಯಲ್ಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಇವರಲ್ಲಿ ಯಾರ ಹೆಸರಿನಲ್ಲಿಯೂ ದೇಶದ ಯಾವ ಭಾಗದಲ್ಲಿಯೂ ಪಕ್ಕಾ ಮನೆ ಇರಬಾರದೆಂಬುದು ಯೋಜನೆಯ ನಿಯಮ. ಊರಲ್ಲಿರುವ, ಅಣ್ಣತಮ್ಮಂದಿರ ಜಗಳದಲ್ಲಿ ಬೀಗ ಬಿದ್ದ ಮನೆಯೊಂದರ ದಾಖಲೆಯಲ್ಲಿ ಅವರ ಗಂಡನ ಹೆಸರೂ ಇದೆ. ಈ ಸಂಗತಿ ಅವರಿಗೆ ಮೊದಲ ಸಭೆಯ ದಿನವೇ ತಿಳಿದಿತ್ತು. ನನಗೆ ತಿಳಿದದ್ದು ಪಟ್ಟಿ ಹೊರಬಂದ ಮೇಲೆ. ಆ ದಾಖಲೆಯ ವಿಷಯವಾಗಿ ವಕೀಲರು ಕೆಲಸ ಆರಂಭಿಸಿದ್ದಾರೆ.

ಹಾಳೆಗಳ ಪ್ರತಿಗಳು ನನ್ನ ಮನೆಯಲ್ಲಿವೆ. ನೀವು ಬರೆಸಿದ್ದನ್ನು ನೋಡಬೇಕೆಂದರೆ ಸಂಜೆ ಐದರ ಮೇಲೆ ಯಾವಾಗ ಬೇಕಾದರೂ ಬನ್ನಿ. ನೆರಳಚ್ಚಿನಲ್ಲಿಯೂ ಕೆಲವದರ ಮೂಲೆಯಲ್ಲಿ ಇಸ್ತ್ರಿ ಸುಟ್ಟ ಗುರುತು ಬಿದ್ದಿದೆ. ಹಂಚಿಕೆಯ ಬಗ್ಗೆ ಮಾತಾಡುವ ಮುಂದಿನ ಸಭೆ ಬರುವ ಶನಿವಾರ ರಾತ್ರಿ ಒಂಬತ್ತೂವರೆಗೆ ಬೇವಿನ ಮರದ ಕೆಳಗೆ ನಡೆಯುತ್ತದೆ. ಆದಾಯ ಪ್ರಮಾಣಪತ್ರದ ಒಂದು ಪ್ರತಿ ತನ್ನಿ. ಕೂಲಿ ಬಿಟ್ಟು ಬರಬೇಡಿ, ಗಂಟು ಕಳಿಸಿಯೇ ಬನ್ನಿ, ನಾವು ಕಾಯುತ್ತೇವೆ.