ಗೋಡೆ ಒಡೆಯಲು ಪಡೆದ ಅನುಮತಿ ಪತ್ರ ಕೇಳು

ಚಿ. ಸೌ. ಸುಮಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀವು ಕೊಳ್ಳಬೇಕೆಂದಿರುವ, ಇಂಗ್ಲೆಂಡಿನ ಬಾತ್ ಊರಿನ ಹಳೆಯ ಮನೆಯ ಫೋಟೋಗಳು ಬಂದವು. ಅಡುಗೆಮನೆ ಎಷ್ಟು ವಿಶಾಲವಾಗಿದೆ ನೋಡಿ ಅಂತ ಖುಷಿಯಿಂದ ಬರೆದಿದ್ದೀಯ. ನನಗೆ ಚಿಂತೆ ಹತ್ತಿಸಿದ್ದೇ ಆ ಅಡುಗೆಮನೆ. ಫೋನಿನಲ್ಲಿ ಅರ್ಧ ಮಾತು ಮರೆತುಹೋಗುತ್ತದೆ, ಅದಕ್ಕೇ ಕಾಗದ. ಅಳಿಯಂದಿರಿಗೂ ಓದಿ ಹೇಳು.

ಆ ಕಾಲದ ಸಾಲುಮನೆಗಳಲ್ಲಿ ಸಾಮಾನ್ಯವಾಗಿ ಪ್ರತಿ ಮಹಡಿಗೂ ಮುಂದೊಂದು ಕೋಣೆ, ಹಿಂದೊಂದು ಕೋಣೆ, ನಡುವೆ ಗೋಡೆ. ನಿನ್ನ ಫೋಟೋದಲ್ಲಿ ಆ ಗೋಡೆಯೇ ಇಲ್ಲ. ಯಾರು ಒಡೆದರು? ಯಾರ ಅನುಮತಿ ಪಡೆದು ಒಡೆದರು? ಆ ಮನೆ, ಕಾನೂನಿನ ರಕ್ಷಣೆ ಇರುವ ಹಳೆಯ ಕಟ್ಟಡಗಳ ಗ್ರೇಡ್ 2 ಪಟ್ಟಿಯಲ್ಲಿದೆ. ಮುಂಭಾಗಕ್ಕೆ ಮಾತ್ರ ರಕ್ಷಣೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. 1990ರ ಕಾಯಿದೆ ಇಡೀ ಕಟ್ಟಡಕ್ಕೆ ಅನ್ವಯಿಸುತ್ತದೆ. ಒಳಗಿನ ಕದ, ಮೆಟ್ಟಿಲಿನ ಕಟಕಟೆ, ಫೈರ್‌ಪ್ಲೇಸ್, ಎಲ್ಲವೂ ಸೇರಿತು. ಅನುಮತಿಯಿಲ್ಲದೆ ಅವುಗಳ ಸ್ವರೂಪ ಬದಲಿಸಿದರೆ ಅಪರಾಧ. ಶಿಕ್ಷೆ ಬೀಳುವುದು ಒಡೆದವರಿಗೆ, ಸರಿ. ಆದರೆ ಮೊದಲಿನ ಹಾಗೆ ಮಾಡಿಕೊಡಿ ಅನ್ನುವ ನೋಟಿಸ್ ಈಗಿನ ಮಾಲೀಕರಿಗೆ ಬರುತ್ತದೆ. ಅದಕ್ಕೆ ಕಾಲಮಿತಿ ಇಲ್ಲ. ಮೂವತ್ತು ವರ್ಷದ ಹಿಂದೆ ಯಾರೋ ಒಡೆದ ಗೋಡೆಯನ್ನು ನಿನ್ನ ದುಡ್ಡಿನಲ್ಲಿ ಕಟ್ಟಿಸಬೇಕಾದೀತು.

ಅನುಮತಿ ಪತ್ರ ಕೊಡಿ ಅಂತ ನಿನ್ನ ಸಾಲಿಸಿಟರ್ (ವಕೀಲರ) ಮೂಲಕ ಬರವಣಿಗೆಯಲ್ಲೇ ಕೇಳಿಸು. ಇಲ್ಲ ಅಂದರೆ, ಅದಕ್ಕೊಂದು ಇನ್ಶೂರೆನ್ಸ್ ಮಾಡಿಸಿಕೊಡುತ್ತೇವೆ ಅಂತ ಮಾರುವವರ ಕಡೆಯವರು ಹೇಳಬಹುದು. ಅದರಿಂದ ದುಡ್ಡು ಬಂದೀತು, ಅನುಮತಿ ಬರುವುದಿಲ್ಲ. ಮುಂದೆ ಕಿಟಕಿಗೆ ಡಬಲ್ ಗ್ಲಾಸ್ ಹಾಕಿಸಬೇಕು ಅಂತ ಅರ್ಜಿ ಹಿಡಿದು ಅನುಮತಿ ಕೊಡುವ ಸ್ಥಳೀಯ ಕೌನ್ಸಿಲ್‌ಗೆ ಹೋದರೆ ಹಳೆಯ ವಿಷಯವೂ ಎದ್ದು ಕೂರುತ್ತದೆ.

ಇನ್ನು ಗೋಡೆಗಳು. ಶನಿವಾರ ಹೋಗಿ ಹೊರಗಿನಿಂದ ನೋಡಿಬಂದೆ. ಜೇನು ಬಣ್ಣದ ಆ ಕಲ್ಲಿಗೆ ಬಿಸಿಲು ಬಿದ್ದಾಗ ಯಾರಿಗೂ ಆಸೆಯಾಗುತ್ತದೆ, ನಿನ್ನ ತಪ್ಪಲ್ಲ. ಆದರೆ ಆ ಊರಿನಲ್ಲಿ ಮನೆಯ ನಿಜ ಗೊತ್ತಾಗುವುದು ಹಿತ್ತಲಿನಲ್ಲಿ. ಅಲ್ಲಿನ ರಾಯಲ್ ಕ್ರೆಸೆಂಟ್ ಅನ್ನುವ ಬಾಗಿದ ಮನೆಸಾಲು ನೋಡಿದ್ದೀಯಲ್ಲ, 1767ರಿಂದ 1774ರವರೆಗೆ ಕಟ್ಟಿದ್ದು. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ಮುಂಭಾಗವನ್ನು ಒಂದೇ ಅರಮನೆಯ ಹಾಗೆ ರೂಪಿಸಿದ. ಹಿಂಭಾಗವನ್ನು ಮಾತ್ರ, ಮನೆ ಕೊಂಡವರು ಅವರವರಿಗೆ ಬೇಕಾದ ಹಾಗೆ ಕಟ್ಟಿಸಿಕೊಂಡರು. ಅದಕ್ಕೇ ನಾನೂ ಹಿಂದಿನ ಓಣಿಗೆ ಹೋದೆ. ಗೋಡೆಯ ಬುಡದಲ್ಲಿ ಕಲ್ಲಿನ ಸಂದುಗಳಿಗೆ ಬೂದು ಸಿಮೆಂಟ್ ಮೆತ್ತಿದ್ದಾರೆ. ಸಿಮೆಂಟ್ ಗಟ್ಟಿಯಾಗಿ ನಿಂತಿದೆ, ಅದರ ಸುತ್ತಲಿನ ಕಲ್ಲು ಒಳಕ್ಕೆ ಸವೆದುಹೋಗಿದೆ. ಬೆರಳಿನಿಂದ ಸವರಿದೆ, ಹಳದಿ ಪುಡಿ ಉದುರಿತು.

ಈ ಮನೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಗೋಡೆಯೊಳಗಿನ ತೇವ ಆ ಗಾರೆಯ ಮೂಲಕ ಹೊರಗೆ ಹೋಗುತ್ತದೆ. ಸಿಮೆಂಟ್ ಹಾಕಿದರೆ ಆ ದಾರಿ ಮುಚ್ಚುತ್ತದೆ. ಆಗ ತೇವ ಕಲ್ಲಿನ ಮೂಲಕವೇ ಬರಬೇಕು. ಬರುವಾಗ ಉಪ್ಪು ತರುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ, ಮೆತ್ತನೆಯ ಕಲ್ಲು ಪದರಪದರವಾಗಿ ಬಿಡುತ್ತದೆ. ನೆಲಮಾಳಿಗೆಗೆ ಈಚೆಗೆ ಬಿಳಿ ಬಣ್ಣ ಹೊಡೆಸಿದ್ದಾರೆ, ಫೋಟೋದಲ್ಲೇ ಗೊತ್ತಾಗುತ್ತದೆ. ಬಣ್ಣದ ಹಿಂದೆ ಏನಿದೆ ಅಂತ ನೋಡಿಸಲೇಬೇಕು. ಬ್ಯಾಂಕಿನವರ ಬೆಲೆ ಅಂದಾಜು ಇದಕ್ಕೆ ಸಾಲದು. ಕಟ್ಟಡವನ್ನು ವಿವರವಾಗಿ ಪರೀಕ್ಷಿಸುವ ಲೆವೆಲ್ 3 ಸರ್ವೆಯನ್ನೇ ಮಾಡಿಸು, ಸುಣ್ಣದ ಗಾರೆ ಗೊತ್ತಿರುವವರ ಕೈಯಲ್ಲಿ.

ದುಡ್ಡಿನ ವಿಷಯ. ವಿದೇಶಿಯರು ಇಲ್ಲಿ ಇಂಗ್ಲೆಂಡಿನಲ್ಲಿ ಮನೆ ಕೊಳ್ಳಬಾರದು ಅಂತೇನೂ ಇಲ್ಲ. ಆದರೆ ಕೊಳ್ಳುವಾಗ ಕಟ್ಟುವ ತೆರಿಗೆ, ಸ್ಟಾಂಪ್ ಡ್ಯೂಟಿ, ಜಾಸ್ತಿ. ಇಲ್ಲಿ ವಾಸ ಇಲ್ಲದವರಿಗೆ ಮನೆಬೆಲೆಯ 2% ಹೆಚ್ಚುವರಿ, ಇನ್ನೊಂದು ಮನೆ ಇದ್ದವರಿಗೆ 5% ಹೆಚ್ಚುವರಿ. ನಿಮ್ಮ ಮೈಸೂರಿನ ಮನೆಯೂ ಲೆಕ್ಕಕ್ಕೆ ಬರುತ್ತದೆ. ಎಂಟು ಲಕ್ಷ ಪೌಂಡಿನ ಈ ಮನೆಗೆ, ಇಲ್ಲೇ ಇದ್ದು ಬೇರೆ ಮನೆಯಿಲ್ಲದವರು ಈಗಿನ ದರದಲ್ಲಿ 30,000 ಪೌಂಡ್ ಸ್ಟಾಂಪ್ ಡ್ಯೂಟಿ ಕಟ್ಟುತ್ತಾರೆ. ನೀವು 86,000 ಕಟ್ಟಬೇಕು. ಭಾರತದಿಂದ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಕಳಿಸಬಹುದಾದದ್ದು ಎರಡೂವರೆ ಲಕ್ಷ ಡಾಲರ್. ಇಬ್ಬರದೂ ಸೇರಿಸಿ, ಎರಡು ವರ್ಷ ಕಳಿಸಿದರೂ ಈಗಿನ ವಿನಿಮಯ ದರದಲ್ಲಿ ಈ ಮನೆಗೆ ಸಾಲದು. ಅದರ ಮೇಲೆ ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕಿನವರು ಕಳಿಸುವಾಗಲೇ 20% ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಹಿಡಿಯುತ್ತಾರೆ. ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಆಗ ಕೈಯಲ್ಲಿ ನಗದು ಇರಬೇಕಲ್ವಾ? ನಿಮ್ಮ ಸಿಎ ಹತ್ತಿರ ಮೊದಲು ಕೂತು ಮಾತಾಡಿ. ಮನೆ ಕೊಂಡರೆ ವೀಸಾ ಸಿಗುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬಬೇಡ.

ಇಂಗ್ಲೆಂಡಿನಲ್ಲಿ ಕರಾರು ಎಕ್ಸ್‌ಚೇಂಜ್ ಆಗುವವರೆಗೆ, ಅಂದರೆ ಸಹಿ ಹಾಕಿದ ಪ್ರತಿಗಳನ್ನು ಎರಡೂ ಕಡೆಯವರು ಬದಲಾಯಿಸಿಕೊಳ್ಳುವವರೆಗೆ, ಹಿಂದೆ ಸರಿಯಬಹುದು. ಆಮೇಲೆ ಸರಿದರೆ ಸಾಮಾನ್ಯವಾಗಿ ಮುಂಗಡವಾಗಿ ಕೊಟ್ಟ ಬೆಲೆಯ 10% ಹೋಗುತ್ತದೆ. ಗೋಡೆಯ ಅನುಮತಿ ಪತ್ರ, ಸರ್ವೆ ವರದಿ, ಇವೆರಡೂ ಕೈಗೆ ಬರದೆ ಸಹಿ ಹಾಕಬೇಡ. ಏಜೆಂಟ್ ಎಷ್ಟೇ ಅವಸರ ಮಾಡಲಿ. ಆ ಮನೆ ನಿನಗೆ ಸಿಗಲಿ ಅಂತಲೇ ನನ್ನ ಆಸೆ. ವರದಿ ಬಂದ ಕೂಡಲೇ ಕಳಿಸು, ಸರ್ವೇಯರ್ ಹತ್ತಿರ ನಾನೇ ಮಾತಾಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ