ಪುಟ್ಟಿಗೆ, ಜೋಡಿ ನಕ್ಷತ್ರದ ವಿಷಯವಾಗಿ

ಚಳ್ಳಕೆರೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ‘ಇನ್ನೊಂದು ವರ್ಷ ಅಳತೆ ಮಾಡು, ಪ್ರಬಂಧ ಆಮೇಲೆ’ ಎಂದು ನಿನ್ನ ಗೈಡ್ ಹೇಳಿದರಂತೆ. ಅಂದಿನಿಂದ ನೀನು ಯಾರೊಂದಿಗೂ ನೆಟ್ಟಗೆ ಮಾತನಾಡುತ್ತಿಲ್ಲವೆಂದು ನಿನ್ನಮ್ಮ ಫೋನಿನಲ್ಲಿ ಪೇಚಾಡಿದಳು. ಜೋಡಿ ನಕ್ಷತ್ರವೊಂದರ ಸುತ್ತ ಗ್ರಹದ ಸುಳಿವು ಸಿಕ್ಕಾಗ ಬಾಯಿ ಮುಚ್ಚಿಕೊಂಡಿರುವುದು ಕಷ್ಟವೇ. ಆದರೂ ನಾನು ನಿನ್ನ ಗೈಡ್ ಪರ. ಬೈದುಕೊಂಡಾದರೂ ಮುಂದೆ ಓದು.

ಗಾಮಾ ಸೆಫಿ ಎಂಬ ಜೋಡಿ ನಕ್ಷತ್ರದ ಹೆಸರು ನಿನಗೆ ಗೊತ್ತು. ಅದರ ಹಿಂದಿನ ಪಾಡು ಪಠ್ಯದಲ್ಲಿ ಇರುವುದಿಲ್ಲ. ಸುಮಾರು 45 ಜ್ಯೋತಿರ್ವರ್ಷ ದೂರದ ನಕ್ಷತ್ರ. ಕಾರ್ತಿಕದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮೂರಿನ ಬಯಲಿನಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ, ಧ್ರುವ ನಕ್ಷತ್ರದ ಮೇಲ್ಗಡೆ, ಅದಕ್ಕಿಂತ ಮಂಕಾಗಿ, ಬರಿಗಣ್ಣಿಗೇ ಕಾಣುತ್ತದೆ. (ಸಾವಿರ ವರ್ಷ ಕಳೆದರೆ ಧ್ರುವದ ಪಟ್ಟ ಇದಕ್ಕೇ ಬರಲಿದೆ, ಅದು ಬೇರೆ ಮಾತು.) ಅದರ ಸಂಗಾತಿ ಒಂದು ಕೆಂಪು ಕುಬ್ಜ, ಅಂದರೆ ಸಣ್ಣ ಮಂಕು ನಕ್ಷತ್ರ, ಇವೆರಡೂ ಒಂದು ಸುತ್ತು ಮುಗಿಸಲು 66 ವರ್ಷದಷ್ಟು ಬೇಕು.

ಬ್ರೂಸ್ ಕ್ಯಾಂಪ್‌ಬೆಲ್, ಗಾರ್ಡನ್ ವಾಕರ್, ಸ್ಟೀಫನ್ಸನ್ ಯಾಂಗ್ ಎಂಬ ಕೆನಡಾದ ಮೂವರು ಹವಾಯಿಯ 3.6 ಮೀಟರ್ ದೂರದರ್ಶಕದಲ್ಲಿ ಇದರ ಬೆನ್ನು ಹತ್ತಿದರು. ನಕ್ಷತ್ರದ ಬೆಳಕನ್ನು ಹೈಡ್ರೋಜನ್ ಫ್ಲೋರೈಡ್ ತುಂಬಿದ ಕೊಳವೆಯಲ್ಲಿ ಹಾಯಿಸಿ, ಆ ಅನಿಲ ಬೆಳಕಿನ ವರ್ಣಪಟಲದಲ್ಲಿ ಮೂಡಿಸುವ ಗೆರೆಗಳನ್ನೇ ನಕ್ಷತ್ರದ ವೇಗಕ್ಕೆ ಅಳತೆಗೋಲು ಮಾಡಿಕೊಂಡರು. ಮೈಗೆ ತಾಗಿದರೆ ಮೂಳೆಯವರೆಗೂ ಇಳಿಯುವ ವಿಷವದು! ಗ್ರಹ ಜಗ್ಗುವುದರಿಂದ ನಕ್ಷತ್ರ ಅತ್ತಿತ್ತ ಸರಿಯುವ ವೇಗ ಸೆಕೆಂಡಿಗೆ ಸುಮಾರು 27 ಮೀಟರ್, ಅಂದರೆ ದಾವಣಗೆರೆ ಹೆದ್ದಾರಿಯಲ್ಲಿ ಓಡುವ ಕಾರಿನಷ್ಟು. ಸಂಗಾತಿಯ ಜಗ್ಗಾಟ ಇದರ ಹತ್ತಾರು ಪಟ್ಟು. ಆ ದೀರ್ಘ ಏರಿಳಿತದ ಮೇಲೆ ಎರಡೂವರೆ ವರ್ಷಕ್ಕೊಮ್ಮೆ ಮರಳುವ ಈ ಸಣ್ಣ ಅಲೆಯನ್ನು ಬಿಡಿಸಿ ತೆಗೆಯಬೇಕು. ನಿನ್ನ ಪಾಡೂ ಇದೇ ಅಲ್ಲವೇ?

1988ರಲ್ಲಿ ಅವರು ‘ಗ್ರಹವಿರಬಹುದು’ ಎಂದಷ್ಟೇ ಬರೆದರು. 1992ರಲ್ಲಿ ಅದನ್ನೂ ಹಿಂದಕ್ಕೆ ತೆಗೆದುಕೊಂಡರು. ನಕ್ಷತ್ರದ ಮೈಮೇಲಿನ ಚಟುವಟಿಕೆಯನ್ನು ತೋರಿಸುವ ಕ್ಯಾಲ್ಸಿಯಂ ಗೆರೆಗಳೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಬದಲಾಗುವಂತೆ ಕಂಡವು. ಇದು ಗ್ರಹವಲ್ಲ, ನಕ್ಷತ್ರವೇ ತನ್ನ ಮೈಮೇಲಿನ ಕಲೆಗಳೊಂದಿಗೆ ತಿರುಗುವ ಪರಿಣಾಮ ಇರಬಹುದೆಂಬ ಅನುಮಾನ. 1995ರಲ್ಲಿ ಮೇಯರ್ ಮತ್ತು ಕ್ವೆಲೋಜ್ ಬೇರೊಂದು ನಕ್ಷತ್ರದ ಗ್ರಹವನ್ನು ಪ್ರಕಟಿಸಿದರು. 2019ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಅರ್ಧ ಅವರ ಪಾಲಾಯಿತು. 2003ರಲ್ಲಿ ಆರ್ಟಿ ಹಾಟ್ಜೆಸ್ ತಂಡ ಟೆಕ್ಸಾಸಿನ ಮೆಕ್‌ಡೊನಾಲ್ಡ್ ವೀಕ್ಷಣಾಲಯದ ಅಂಕಿಗಳಿಗೆ ಕೆನಡಾದವರ ಹಳೆಯ ಅಂಕಿಗಳನ್ನು ಜೋಡಿಸಿ ನೋಡಿತು. ಇಪ್ಪತ್ತು ವರ್ಷ ಅಲೆ ಲಯ ತಪ್ಪಿರಲಿಲ್ಲ. ಯಾವ ಕಲೆಯೂ ಅಷ್ಟು ಕಾಲ ಹಾಗೆ ನಿಲ್ಲುವುದಿಲ್ಲ. ಗ್ರಹ ಇತ್ತು.

ಕೆನಡಾದವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಮರುಗುವವರು ಬಹಳ. ನನ್ನ ಕಣ್ಣಿಗೆ ಬೀಳುವುದು ಆ ಹಳೆಯ ಅಂಕಿಗಳು. ಅನುಮಾನ ಬಂತೆಂದು ಅವು ಕಸದ ಬುಟ್ಟಿ ಸೇರಿದ್ದರೆ 2003ರ ಲೆಕ್ಕ ಅಷ್ಟು ಗಟ್ಟಿಯಾಗುತ್ತಿರಲಿಲ್ಲ. ನೀನೂ ಹಾಗೆಯೇ ಇಡು. ಕೈಬಿಟ್ಟ ರಾತ್ರಿಗಳನ್ನು ಯಾಕೆ ಕೈಬಿಟ್ಟೆ ಎಂಬುದರ ಸಮೇತ ಬರೆ. ಉಪಕರಣದಲ್ಲಿ ಏನಾದರೂ ಬದಲಾದರೆ ಅಂದೇ ದಾಖಲಿಸು. ಕ್ಯಾಲ್ಸಿಯಂ ಗೆರೆಗಳನ್ನು ಗೈಡ್ ಕೇಳುವ ಮೊದಲೇ ನೋಡಿಬಿಡು. ಅವು ನಿನ್ನ ವಿರುದ್ಧ ಸಾಕ್ಷಿ ಹೇಳಿದರೆ ಅದನ್ನೂ ಮೊದಲು ನೀನೇ ಹೇಳಿದಂತಾಗುತ್ತದೆ.

ಇನ್ನೊಂದು ಮಾತು, ಇದನ್ನು ನಿನ್ನ ಗೈಡ್ ಹೇಳಲಾರರು. ಕ್ಯಾಂಪ್‌ಬೆಲ್ ಕಾಯಂ ಹುದ್ದೆ ಸಿಗದೆ ಖಗೋಳವಿಜ್ಞಾನವನ್ನೇ ಬಿಟ್ಟು ಹೋದರು. ಹೊಟ್ಟೆಗಿಲ್ಲದೆ ತಾಳ್ಮೆ ಎಷ್ಟು ದಿನ ಬಾಳುತ್ತದೆ? ಕಾಯಲು ಒಪ್ಪು, ಆದರೆ ಆ ವರ್ಷದ ಫೆಲೋಶಿಪ್ ಎಲ್ಲಿಂದ ಬರುತ್ತದೆ ಎಂದು ಈಗಲೇ ಕೇಳು. ಬಾಯಿಮಾತಿಗೆ ಬಿಡಬೇಡ, ಇಮೇಲ್‌ನಲ್ಲಿ ಬರೆಸಿಕೋ. ಸಂಕೋಚ ಬೇಡ.

ದೀಪಾವಳಿಗೆ ಬರುವಾಗ ನಿನ್ನ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ತಾ. ಮೊಬೈಲ್ ಪರದೆಯಲ್ಲಿ ನಿನ್ನ ಚುಕ್ಕಿ ಯಾವುದು, ಧೂಳು ಯಾವುದು ಎಂದು ನನಗೆ ತಿಳಿಯುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ